ಒಂದು ತಟ್ಟೆ ಉಳೀತು, ಟೀಚರ್

(ಚಿಕ್ಕಮಗಳೂರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಎಲ್‌ಕೆಜಿ ಶಿಕ್ಷಕಿಯರು ಸೇರಿದ್ದ ತರಬೇತಿಯಲ್ಲಿ, ಮೂಡಿಗೆರೆ ಕಡೆಯ ಹಿರಿಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನಿನ್ನೆ ನಿಮ್ಮ ಕೇಂದ್ರಕ್ಕೆ ಎಷ್ಟು ಮಕ್ಕಳು ಬಂದಿದ್ದರು ಅಂತ ಕೇಳಿದರೆ ಇಲ್ಲಿರುವ ಎಲ್ಲರೂ ಥಟ್ಟನೆ ಹೇಳುತ್ತೀರಿ. ಫೋನಿನಲ್ಲಿ ಹಾಜರಿ ಹಾಕಿರುತ್ತೀರಿ, ಮರೆಯೋದಿಲ್ಲ. ಯಾರು ಬಂದಿರಲಿಲ್ಲ ಅಂತ ಕೇಳಿದರೆ ಅದನ್ನೂ ಹೇಳುತ್ತೀರಿ. ಇನ್ನೊಂದು ಕೇಳುತ್ತೇನೆ. ಆ ಮಗು ಬಂದಿಲ್ಲ ಅನ್ನೋದು ಉಳಿದ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಒಬ್ಬರಾದರೂ "ಅವಳೆಲ್ಲಿ?" ಅಂತ ಕೇಳಿದರಾ?

ಈಗ ಸ್ವಲ್ಪ ಯೋಚನೆ ಮಾಡುತ್ತಿದ್ದೀರಿ. ನನ್ನ ಇವತ್ತಿನ ಮಾತೆಲ್ಲ ಈ ಕೊನೆಯ ಪ್ರಶ್ನೆಯ ಸುತ್ತಲೇ ಇದೆ.

ಮಗುವಿಗೆ ಅಂಗನವಾಡಿ ತನ್ನದು ಅನ್ನಿಸಬೇಕು ಅಂತ ನಾವೆಲ್ಲ ಹೇಳುತ್ತೇವೆ. ಅದಕ್ಕಾಗಿ ಗೋಡೆಗೆ ಬಣ್ಣ ಹೊಡೆಸುತ್ತೇವೆ, ಚಿತ್ರ ಅಂಟಿಸುತ್ತೇವೆ, ಮೊದಲ ದಿನ ಬಲೂನು ಕಟ್ಟುತ್ತೇವೆ. ಬೇಡ ಅನ್ನೋದಿಲ್ಲ, ಮಕ್ಕಳಿಗೆ ಖುಷಿಯಾಗುತ್ತದೆ. ಆದರೆ ಬಲೂನು ಸಂಜೆಗೆ ಒಡೆದು ಹೋಗುತ್ತದೆ. ಇಷ್ಟು ವರ್ಷ ಮಕ್ಕಳ ಜೊತೆ ಕೂತು ನನಗೆ ಗೊತ್ತಾಗಿದ್ದು ಇಷ್ಟೇ: ತಾನು ಬರದೇ ಹೋದರೆ ಅಲ್ಲಿ ತನ್ನನ್ನು ಕೇಳೋರಿದ್ದಾರೆ ಅಂತ ಗೊತ್ತಾದ ದಿನ ಮಗುವಿಗೆ ಆ ಜಾಗ ತನ್ನದಾಗುತ್ತದೆ. ಅಲ್ಲಿವರೆಗೆ ಅದು ಬರೀ ಉಪ್ಪಿಟ್ಟು ಸಿಗುವ ಕಟ್ಟಡ.

ಅಂಗನವಾಡಿ ಅನ್ನೋ ಹೆಸರೇ ಎಲ್ಲಿಂದ ಬಂತು ಅಂತ ನೋಡಿ. ಅಂಗನ ಅಂದರೆ ಅಂಗಳ. ತಾರಾಬಾಯಿ ಮೋಡಕ್ ಅಂತ ಒಬ್ಬರು ತಾಯಿ ಇದ್ದರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಸಣ್ಣ ಮಕ್ಕಳ ಕೆಲಸ ಕಲಿತವರು. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಅನ್ನೋ ಊರಿನಲ್ಲಿ ಬಾಲವಾಡಿ, ಅಂದರೆ ಸಣ್ಣ ಮಕ್ಕಳ ಶಾಲೆ, ಶುರು ಮಾಡಿದರು. ಅನುತಾಯಿ ವಾಘ್ ಅನ್ನೋ ಶಿಕ್ಷಕಿಯೂ ಅವರ ಜೊತೆಗಿದ್ದರು. ಆದಿವಾಸಿ ಮಕ್ಕಳು ಬಾಲವಾಡಿವರೆಗೆ ಬರಲಿಲ್ಲ. ಇವರು "ಮಕ್ಕಳು ಬರಲ್ಲ, ನಾವೇನು ಮಾಡೋಣ" ಅಂತ ಕೂರಲಿಲ್ಲ. ಹಾಡಿಗೇ ಹೋದರು. ಮನೆ ಮುಂದಿನ ಅಂಗಳದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹಾಡಿಸಿದರು, ಆಡಿಸಿದರು. ಅಂಗಳದಲ್ಲಿ ನಡೆದಿದ್ದಕ್ಕೆ ಅಂಗನವಾಡಿ ಆಯಿತು. ಆಮೇಲೆ 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರುವಾಯಿತು, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಮಗು ಬರದಿದ್ದರೆ ಅದರ ಮನೆ ಅಂಗಳಕ್ಕೆ ಹೋಗುವುದು ನಮಗೆ ಯಾರೋ ಹೊಸದಾಗಿ ಹೊರಿಸಿದ ಕೆಲಸ ಅಲ್ಲ. ನಮ್ಮ ಹೆಸರೇ ಅದು.

ಈಗ ನಮ್ಮ ಕಡೆಯ ವಿಷಯಕ್ಕೆ ಬರುತ್ತೇನೆ.

ಕಡೂರು, ತರೀಕೆರೆ ಕಡೆಯಿಂದ ಬಂದವರೇ, ನಿಮ್ಮ ಮಕ್ಕಳು ಜೂನ್‌ನಲ್ಲಿ ಸೇರಿದರೆ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಅವರೇ ಇರುತ್ತಾರೆ. ಕಾಫಿ ತೋಟದ ಕಡೆ ಹಾಗಲ್ಲ. ನವೆಂಬರ್ ಬಂತು ಅಂದರೆ ಅರೇಬಿಕಾ ಕಾಫಿ ಕೊಯ್ಲು. ಲೈನ್ ಮನೆಗಳು, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳು, ತುಂಬುತ್ತವೆ. ಮೊದಲು ಬಯಲುಸೀಮೆಯಿಂದ, ತಮಿಳುನಾಡಿನಿಂದ ಬರುತ್ತಿದ್ದರು. ಈಗ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ರೈಲು ಹತ್ತಿ ಬರುತ್ತಾರೆ. ಜನವರಿಯಿಂದ ರೋಬಸ್ಟಾ ಕಾಫಿ, ಆಮೇಲೆ ಕಾಳುಮೆಣಸು. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸೋ ಹೂ ಮಳೆ ಬೀಳೋ ಹೊತ್ತಿಗೆ ಅರ್ಧ ಲೈನ್ ಖಾಲಿ. ಅಂದರೆ ನಮಗೆ ಕೆಲವು ಮಕ್ಕಳು ಸಿಗೋದೇ ನಾಲ್ಕು ತಿಂಗಳು.

1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಐವತ್ತು ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮನೆ ಇರಬೇಕು ಅಂತ ಬರೆದಿದ್ದರು. ಒಳ್ಳೆಯ ಮಾತೇ. ಆದರೆ ನಮ್ಮಲ್ಲಿ ಹೆಚ್ಚಿನವು ಸಣ್ಣ ತೋಟಗಳು, ಆ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ. ಅಮ್ಮ ಗಿಡದ ಬುಡದಲ್ಲಿ ಚೀಲ ಹಾಸಿ ಮಗು ಮಲಗಿಸಿ ಹಣ್ಣು ಕೊಯ್ಯುತ್ತಾಳೆ. ಮೂರು ವರ್ಷ ದಾಟಿದ್ದರೆ ನಮ್ಮ ಹತ್ತಿರ ಬಿಡುತ್ತಾಳೆ, ಬಿಟ್ಟರೆ.

ನಾಲ್ಕು ತಿಂಗಳಿಗೆ ಬಂದು ಹೋಗೋ ಮಗುವಿಗೆ ಇಷ್ಟೆಲ್ಲ ಯಾಕೆ ಅಂತ ನನ್ನನ್ನು ಕೇಳಿದವರಿದ್ದಾರೆ. ನಾಲ್ಕು ವರ್ಷದ ಮಗುವಿಗೆ ನಾಲ್ಕು ತಿಂಗಳು ಎಷ್ಟು ಅಂತ ಲೆಕ್ಕ ಹಾಕಿ. ಅದರ ಆಯುಸ್ಸಿನಲ್ಲಿ ಹನ್ನೆರಡರಲ್ಲಿ ಒಂದು ಪಾಲು. ನಲವತ್ತೆಂಟು ವರ್ಷದವರಿಗೆ ನಾಲ್ಕು ವರ್ಷ ಇದ್ದ ಹಾಗೆ. ನಾಲ್ಕು ವರ್ಷ ಒಂದು ಕಡೆ ಇದ್ದು ನಿಮ್ಮನ್ನು ಯಾರೂ ಹೆಸರು ಹಿಡಿದು ಕರೆಯದಿದ್ದರೆ ಹೇಗಿರುತ್ತದೆ?

ಹೆಸರಿನ ಮಾತು ಬಂತು. ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು.

ಒಂದು ನವೆಂಬರ್‌ನಲ್ಲಿ ನಾಲ್ಕು ವರ್ಷದ ಒಬ್ಬಳು ಹುಡುಗಿ ಬಂದಳು. ಜಾರ್ಖಂಡ್‌ನವರು. ಅವಳ ಅಮ್ಮ ಹೆಸರು ಹೇಳಿದರು. ನನಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಬೇಕಿತ್ತು. ಆಚೆ ಮೇಸ್ತ್ರಿ ಅವರನ್ನು ಕೆಲಸಕ್ಕೆ ಕೂಗುತ್ತಿದ್ದ, ಅವರು ಓಡಿದರು. ನಾನು ಸಹಾಯಕಿಗೆ "ಆ ಹಿಂದಿ ಹುಡುಗಿಗೆ ಒಂದು ಲೋಟ ಹಾಲು ಕೊಡಿ" ಅಂದೆ. ಅಷ್ಟೇ. ಮಧ್ಯಾಹ್ನ ಊಟದ ಹೊತ್ತಿಗೆ ಐದು ವರ್ಷದ ಹುಡುಗನೊಬ್ಬ "ಹಿಂದಿ, ಆ ಕಡೆ ಜರುಗು" ಅಂದ. ಎರಡು ದಿನದಲ್ಲಿ ಹದಿನಾರು ಮಕ್ಕಳ ಬಾಯಲ್ಲೂ ಅವಳು "ಹಿಂದಿ". ಅವಳ ಮನೆಮಾತು ಹಿಂದಿಯೂ ಅಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಮಕ್ಕಳಿಗೆ ಯಾರೂ ಕಲಿಸಿರಲಿಲ್ಲ. ನಾನು ಕರೆದ ಹಾಗೆ ಅವರು ಕರೆದರು.

ಮೂರನೇ ದಿನ ಸಂಜೆ ಲೈನಿಗೆ ಹೋದೆ. ಅವಳ ಅಮ್ಮ ಒಲೆ ಹಚ್ಚುತ್ತಿದ್ದರು. ಹೆಸರನ್ನು ನಾಲ್ಕು ಸಲ ಹೇಳಿಸಿಕೊಂಡು ನಾನೂ ಹೇಳಿದೆ. ನಾನು ತಪ್ಪು ಹೇಳಿದಾಗೆಲ್ಲ ಆ ಹುಡುಗಿ ಅಮ್ಮನ ಬೆನ್ನ ಹಿಂದಿನಿಂದ ತಲೆ ಅಲ್ಲಾಡಿಸುತ್ತಿದ್ದಳು. ನಾಲ್ಕನೇ ಸಲ ತಲೆ ಅಲ್ಲಾಡಿಸಲಿಲ್ಲ. ಮಾರನೇ ದಿನ ಎಲ್ಲರನ್ನೂ ಸುತ್ತ ಕೂರಿಸಿ, ಚಪ್ಪಾಳೆ ತಟ್ಟುತ್ತಾ ಒಬ್ಬೊಬ್ಬರ ಹೆಸರು ಕರೆಯುವ ಆಟ ಆಡಿಸಿದೆ. ಅವಳ ಹೆಸರು ಬಂದಾಗ ನಾನು ಮೊದಲು ಹೇಳಿದೆ, ಮಕ್ಕಳು ಹೇಳಿದರು. "ನಾನು ಇವಳನ್ನು ತಪ್ಪು ಹೆಸರಿನಿಂದ ಕರೆದೆ, ಇನ್ಮೇಲೆ ಕರೆಯಲ್ಲ" ಅಂತಲೂ ಹೇಳಿದೆ. ಟೀಚರ್ ತಪ್ಪು ಒಪ್ಪಿಕೊಂಡರೆ ಮಕ್ಕಳಿಗೆ ಸದರ ಆಗುತ್ತೆ ಅಂತ ಕೆಲವರು ಹೇಳುತ್ತಾರೆ. ನಾನು ಹಾಗೆ ಅಂದುಕೊಂಡಿಲ್ಲ.

ಆಮೇಲೆ ಭಾಷೆ. ಮನೆಮಾತಿನಲ್ಲಿ ಕಲಿಸಿ ಅಂತ 2020ರ ಶಿಕ್ಷಣ ನೀತಿಯೂ ಹೇಳುತ್ತದೆ. ಆದರೆ ಒಂದು ತೋಟದ ಅಂಗನವಾಡಿಯಲ್ಲಿ ಕನ್ನಡ, ತುಳು, ಬ್ಯಾರಿ, ತಮಿಳು, ಲಂಬಾಣಿ ಜೊತೆಗೆ ಎರಡು ಮೂರು ಉತ್ತರದ ಭಾಷೆ ಇರುತ್ತವೆ. ಇದ್ದಷ್ಟೂ ಭಾಷೆ ನಾವು ಕಲಿಯೋಕಾಗಲ್ಲ. ಏಳೆಂಟು ಮಾತು ಕಲಿಯಬಹುದು. ನೀರು, ಹಸಿವು, ನೋವು, ಅಮ್ಮ, ಬಾ, ಕೂರು, ಒಂದಕ್ಕೆ ಹೋಗಬೇಕು. ತಾಯಿಯನ್ನು ಕೇಳಿ ಕನ್ನಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿಕೊಳ್ಳಿ. ಮಗು ಅಳುವಾಗ ಅದರ ಮಾತಿನಲ್ಲಿ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ಅಳು ಒಂದು ಕ್ಷಣ ನಿಲ್ಲುತ್ತದೆ. ಮುಖ ತಿರುಗಿಸಿ ನೋಡುತ್ತದೆ. ನೀವೇ ಮಾಡಿ ನೋಡಿ.

ನಮಗಿಂತ ಮುಂಚೆ ಮಕ್ಕಳೇ ದಾರಿ ಹುಡುಕಿಕೊಂಡಿರುತ್ತಾರೆ ಅನ್ನೋದೂ ಇದೆ. ಈ ಹುಡುಗಿ ಬಂದ ಮೊದಲ ದಿನ "ಪಾನಿ, ಪಾನಿ" ಅನ್ನುತ್ತಿದ್ದಳು. ನನಗೆ ಅರ್ಥ ಆಗುವಷ್ಟರಲ್ಲಿ ಕಡೂರು ಕಡೆಯ ತಾಂಡಾದಿಂದ ಬಂದಿದ್ದ ಲಂಬಾಣಿ ಹುಡುಗಿ ಎದ್ದು ಹೋಗಿ ಲೋಟದಲ್ಲಿ ನೀರು ತಂದು ಕೊಟ್ಟಳು. ಲಂಬಾಣಿಯಲ್ಲೂ ನೀರಿಗೆ ಪಾಣಿ ಅಂತಲೇ ಅಲ್ವಾ. ಈ ಲಂಬಾಣಿ ಹುಡುಗಿ ಅಲ್ಲಿವರೆಗೆ ಒಂದು ಮಾತೂ ಆಡದೆ ಮೂಲೆಯಲ್ಲಿ ಕೂರುತ್ತಿದ್ದವಳು. ಅವತ್ತಿನಿಂದ ಅವಳಿಗೆ ಒಂದು ಕೆಲಸ ಸಿಕ್ಕಿತು. "ಟೀಚರ್, ಅವಳಿಗೆ ಇದು ಬೇಕಂತೆ" ಅಂತ ಬಂದು ಹೇಳೋದು. ಅರ್ಧ ಅವಳೇ ಊಹೆ ಮಾಡಿ ಹೇಳುತ್ತಿದ್ದಳು, ನಾನು ತಡೆಯಲಿಲ್ಲ. ಮನೆಯಲ್ಲಿ ಆಡೋ ಮಾತಿಗೆ ಹೊರಗೆ ಇಷ್ಟು ಬೆಲೆ ಇದೆ ಅಂತ ಅವಳಿಗೆ ಅವತ್ತು ಗೊತ್ತಾಯಿತು.

ಮೂಲೆಯಲ್ಲಿ ಕೂರೋ ಮಕ್ಕಳ ಬಗ್ಗೆ ಒಂದು ಮಾತು. "ಈ ಮಗು ಯಾರ ಜೊತೆಗೂ ಸೇರಲ್ಲ" ಅಂತ ನಾವು ಬೇಗ ತೀರ್ಮಾನ ಮಾಡಿಬಿಡುತ್ತೇವೆ. ಮಿಲ್ಡ್ರೆಡ್ ಪಾರ್ಟನ್ ಅನ್ನೋ ಸಂಶೋಧಕಿ ಅಮೆರಿಕದ ಮಿನೆಸೋಟಾದಲ್ಲಿ ಎರಡರಿಂದ ಐದು ವರ್ಷದ ಮಕ್ಕಳು ಆಡೋದನ್ನು ಕೂತು ನೋಡಿ 1932ರಲ್ಲಿ ಬರೆದರು. ಸಣ್ಣ ಮಕ್ಕಳು ಒಬ್ಬೊಬ್ಬರೇ ಆಡುತ್ತಾರೆ, ಬೇರೆಯವರು ಆಡೋದನ್ನು ಸುಮ್ನೆ ನೋಡುತ್ತಾರೆ, ಪಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡುತ್ತಾರೆ. ಕೂಡಿ ಆಡೋದು ಆಮೇಲೆ ಬರುತ್ತದೆ. ನಮ್ಮ ಅಂಗಳದಲ್ಲೇ ನೋಡಿ. ಮೂರು ವರ್ಷದ ಇಬ್ಬರು ಒಂದೇ ಮರಳು ಗುಡ್ಡೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತಿರುತ್ತಾರೆ. ಒಬ್ಬ ಎದ್ದು ಹೋದರೆ ಇನ್ನೊಬ್ಬನೂ ಎದ್ದು ಅವನ ಹಿಂದೆ ಹೋಗುತ್ತಾನೆ. ಮಾತಿಲ್ಲ, ಕೂಡಿ ಆಟವಿಲ್ಲ, ಆದರೂ ಇಬ್ಬರೂ ಜೊತೆಗಿದ್ದಾರೆ. ದೂರ ನಿಂತು ನೋಡೋ ಮಗುವನ್ನು ಕೈ ಹಿಡಿದು ಎಳೆದು ತಂದು ಮಧ್ಯ ನಿಲ್ಲಿಸಬೇಡಿ. ಅದಕ್ಕೆ ನೋಡೋದಕ್ಕೆ ಜಾಗ ಕೊಡಿ. ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊದಲ ವಾರದ ಅಳುವಿನ ಬಗ್ಗೆ ನಿಮಗೆಲ್ಲ ಗೊತ್ತು, ಹೆಚ್ಚು ಹೇಳೋದಿಲ್ಲ. ಒಂದನ್ನು ಮಾತ್ರ ಬಿಟ್ಟುಬಿಡಿ: ಮಗು ಆ ಕಡೆ ನೋಡುವಾಗ ಅಮ್ಮ ಕದ್ದು ಹೋಗೋದು. ಆ ಹೊತ್ತಿಗೆ ಸುಲಭ ಅನ್ನಿಸುತ್ತದೆ. ಆದರೆ ತಿರುಗಿ ನೋಡಿದಾಗ ಅಮ್ಮ ಇಲ್ಲ ಅಂತಾದರೆ ಮಗು ಆಮೇಲೆ ಆಟದಲ್ಲಿ ಮುಳುಗೋದೇ ಇಲ್ಲ, ಬಾಗಿಲು ಕಾಯುತ್ತದೆ. ಅತ್ತರೂ ಪರವಾಗಿಲ್ಲ, ಹೇಳಿ ಹೋಗಲಿ. "ಗುಮ್ಮ ಬರುತ್ತೆ", "ಪೊಲೀಸ್ ಬರ್ತಾರೆ" ಅನ್ನೋದೂ ಬೇಡ. ನಮ್ಮಲ್ಲಿ ಒಬ್ಬ ಹುಡುಗ ಅಮ್ಮ ಕೊಯ್ಲಿಗೆ ಹೋಗುವಾಗ ತಲೆಗೆ ಕಟ್ಟುವ ಬಟ್ಟೆಯನ್ನು ಹಿಡಿದುಕೊಂಡೇ ಬರುತ್ತಿದ್ದ. ಕಾಫಿ ಹಣ್ಣಿನ ಅಂಟು, ಬೆವರಿನ ವಾಸನೆ. ಸಹಾಯಕಿ ತೊಳೆದು ಕೊಡ್ತೀನಿ ಅಂದರು. ನಾನು ತೊಳೀಬೇಡಿ ಅಂದೆ. ಅವನಿಗೆ ಬೇಕಾಗಿದ್ದೇ ಆ ವಾಸನೆ. ಒಂದೂವರೆ ತಿಂಗಳಾದ ಮೇಲೆ ಒಂದು ದಿನ ಅದನ್ನು ಮನೆಯಲ್ಲಿ ಮರೆತು ಬಂದ. ಮರೆತಿದ್ದು ಅವನಿಗೆ ನೆನಪೂ ಆಗಲಿಲ್ಲ.

ನಾವು ಮಕ್ಕಳನ್ನು ಕೂರಿಸೋ ಚಾಪೆಯ ಬಗ್ಗೆ ಯೋಚನೆ ಮಾಡಿದ್ದೀರಾ? ನ್ಯೂಜಿಲೆಂಡ್ ದೇಶದಲ್ಲಿ ಸಣ್ಣ ಮಕ್ಕಳ ಪಠ್ಯಕ್ರಮಕ್ಕೆ ತೆ ಫಾರಿಕಿ ಅಂತ ಹೆಸರು. ಅಲ್ಲಿನ ಮಾವೊರಿ ಜನರ ಭಾಷೆಯಲ್ಲಿ ಫಾರಿಕಿ ಅಂದರೆ ಹೆಣೆದ ಚಾಪೆ. 1996ರಲ್ಲಿ ಬಂತು. ಅದರಲ್ಲಿ ಐದು ಎಳೆಗಳಿವೆ. ಆರೋಗ್ಯ, ಮಾತುಕತೆ, ಹುಡುಕಾಟ, ತನ್ನ ಪಾಲಿನ ಕೊಡುಗೆ, ಇನ್ನೊಂದು "ಇದು ನನ್ನ ಜಾಗ" ಅನ್ನೋ ಭಾವನೆ. ಒಂದು ದೇಶ ಇದನ್ನು ಆಟ ಪಾಠದಷ್ಟೇ ಮುಖ್ಯ ಅಂತ ಬರೆದಿಟ್ಟುಕೊಂಡಿದೆ. ನಮ್ಮ ಚಾಪೆಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಅಂತ ನಾವು ನೋಡುತ್ತೇವಾ? ನೋಡಲೇಬೇಕು. ಯಾಕೆ ಅಂತ ಹೇಳುತ್ತೇನೆ.

ಮಕ್ಕಳಿಗೆ ಜಾತಿ ಗೀತಿ ಗೊತ್ತಿಲ್ಲ, ಅವು ದೇವರ ಹಾಗೆ ಅಂತ ನಾವು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತೇವೆ. ಗೊತ್ತಿರುತ್ತದೆ. ಪದ ಗೊತ್ತಿರೋದಿಲ್ಲ, ದೊಡ್ಡವರು ಲೋಟ ಎಲ್ಲಿ ಇಡುತ್ತಾರೆ ಅಂತ ಗೊತ್ತಿರುತ್ತದೆ. ನಾನು ಮೊದಲು ಕೆಲಸ ಮಾಡಿದ ಒಂದು ಊರಿನಲ್ಲಿ ಒಬ್ಬ ಅಜ್ಜಿ ಊಟದ ಹೊತ್ತಿಗೆ ಬಂದು ನಿಂತರು. ಸಹಾಯಕಿ ಅನ್ನ ಬಡಿಸುತ್ತಿದ್ದರು. ಅಜ್ಜಿ ಏನೂ ಮಾತಾಡಲಿಲ್ಲ. ಮೊಮ್ಮಗನ ತಟ್ಟೆಯನ್ನು ಕಾಲ್ಬೆರಳಿನಿಂದ ಒಂದು ಗೇಣು ಈಚೆ ಜರುಗಿಸಿದರು. ಮಾರನೇ ದಿನ ಅಜ್ಜಿ ಬರಲಿಲ್ಲ. ಹುಡುಗ ತಾನೇ ತನ್ನ ತಟ್ಟೆಯನ್ನು ಒಂದು ಗೇಣು ಜರುಗಿಸಿಕೊಂಡ. ನಾಲ್ಕು ವರ್ಷ ತುಂಬಿರಲಿಲ್ಲ ಅವನಿಗೆ. ಆ ಗೇಣು ಜಾಗ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅವತ್ತಿನಿಂದ ನಾನೂ ಸಹಾಯಕಿಯೂ ಮಕ್ಕಳ ಮಧ್ಯ ಚಾಪೆ ಮೇಲೆ ಕೂತು ಅದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣೋಕೆ ಶುರು ಮಾಡಿದೆವು. ಜಾಗ ಬದಲಿಸೋಕೆ ಬೆಳಿಗ್ಗೆ ಎಲೆ ಆಟ ಮಾಡಿದೆವು. ಅಂಗಳದಿಂದ ಒಬ್ಬೊಬ್ಬರು ಒಂದೊಂದು ಎಲೆ ತರೋದು, ಒಂದೇ ಥರದ ಎಲೆ ತಂದವರು ಒಟ್ಟಿಗೆ ಕೂರೋದು. ಹಲಸಿನೆಲೆಯವರು ಒಂದು ಸಾಲು, ಕಾಫಿ ಎಲೆಯವರು ಒಂದು ಸಾಲು. ಅಜ್ಜಿ ಮನೆಗೂ ಹೋಗಿ ಮಾತಾಡಿದೆ. ಎರಡು ತಿಂಗಳು ಹುಡುಗನಿಗೆ ಮನೆಯಿಂದ ಡಬ್ಬಿ ಬರುತ್ತಿತ್ತು. ಆಮೇಲೆ ಅವನೇ ಡಬ್ಬಿ ಬೇಡ ಅಂದನಂತೆ. ಅಜ್ಜಿ ಮಾತ್ರ ಕೊನೆವರೆಗೂ ನಮ್ಮ ಕೇಂದ್ರದಲ್ಲಿ ಒಂದು ಲೋಟ ನೀರು ಕುಡಿಯಲಿಲ್ಲ. ಎಲ್ಲವೂ ಸರಿಹೋಯಿತು ಅಂತ ನಾನು ನಿಮಗೆ ಹೇಳಲಾರೆ.

ಇನ್ನು ಕೆಲಸ ಹಂಚುವುದು. ಎಲ್ಲ ಮಗುವಿಗೂ ಒಂದು ಕೆಲಸ ಇರಲಿ ಅಂತ ನಾನು ಹಟ ಹಿಡಿದು ಹೇಳುತ್ತೇನೆ. ಸುಮ್ನೆ ತೋರಿಕೆಗೆ ಅಲ್ಲ, ಆ ಮಗು ಮಾಡದಿದ್ದರೆ ನಿಂತು ಹೋಗುವ ಕೆಲಸ. ಚಪ್ಪಲಿ ಸಾಲಾಗಿ ಇಡೋದು, ಗಿಡಕ್ಕೆ ನೀರು ಹಾಕೋದು, ಮೂರು ವರ್ಷದವರಿಗೆ ಕೈ ತೊಳೆಸೋದು. ನಮ್ಮಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗೇ ಇರುತ್ತಾರೆ. ತೊಂದರೆ ಅಂತ ದೂರುತ್ತೇವೆ, ಆದರೆ ದೊಡ್ಡವನು ಚಿಕ್ಕವಳ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗೋದು ಬೇರೆಲ್ಲಿ ಸಿಗುತ್ತದೆ? ಮಳೆಗಾಲದಲ್ಲಂತೂ ನಮ್ಮ ಕಡೆ ಈ ದೊಡ್ಡ ಮಕ್ಕಳಿಲ್ಲದಿದ್ದರೆ ಒದ್ದೆ ಬಟ್ಟೆ ಬಿಚ್ಚಿಸಿ ಒಣಗಿದ್ದು ಹಾಕೋದರಲ್ಲೇ ಬೆಳಗು ಕಳೆದುಹೋಗುತ್ತದೆ.

ನಿಮಗೆ ಎಷ್ಟು ಕೆಲಸ ಇದೆ ಅಂತ ಗೊತ್ತಿಲ್ಲದೆ ನಾನು ಮಾತಾಡುತ್ತಿಲ್ಲ. ಫೋನಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ಲೆಕ್ಕ ತುಂಬಬೇಕು, ತೂಕ ನೋಡಬೇಕು, ಸರ್ವೆ ಬಂದರೆ ಓಡಬೇಕು, ಅದೂ ಗೌರವಧನಕ್ಕೆ. ಅದಕ್ಕೇ ನಾನು ಹೊಸ ಕೆಲಸ ಹೇಳುತ್ತಿಲ್ಲ. ಹೇಗಿದ್ದರೂ ಹಾಜರಿ ಹಾಕುತ್ತೀರಿ, ಅದನ್ನು ಮಕ್ಕಳಿಗೆ ಕೇಳಿಸೋ ಹಾಗೆ ಹಾಕಿ. ಹೇಗಿದ್ದರೂ ತಟ್ಟೆ ಇಡಿಸುತ್ತೀರಿ, ಅದನ್ನು ಒಂದು ಮಗುವಿಗೆ ಕೊಡಿ.

ತಟ್ಟೆ ಇಡೋ ಹುಡುಗನ ವಿಷಯ ಹೇಳುತ್ತೇನೆ. ಮೊದಲ ದಿನ "ಹಿಂದಿ, ಆ ಕಡೆ ಜರುಗು" ಅಂದನಲ್ಲ, ಅವನೇ. ಆ ವರ್ಷ ತಟ್ಟೆಯ ಕೆಲಸ ಅವನದು. ಈ ಹುಡುಗಿ ಸೇರಿದ ಮೇಲೆ ಒಟ್ಟು ಹದಿನೇಳು ಮಕ್ಕಳು. ಅವನಿಗೆ ಹತ್ತರ ಮೇಲೆ ಎಣಿಕೆ ತಪ್ಪುತ್ತಿತ್ತು. ಅದಕ್ಕೆ ಅವನದೇ ಒಂದು ದಾರಿ: ಎಣಿಸುತ್ತಿರಲಿಲ್ಲ, ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ತಟ್ಟೆ ಇಡುತ್ತಿದ್ದ. ಜನವರಿಯ ಒಂದು ಮಧ್ಯಾಹ್ನ ಎಲ್ಲರೂ ಕೂತ ಮೇಲೆ ನನ್ನ ಹತ್ತಿರ ಬಂದ. "ಟೀಚರ್, ಒಂದು ತಟ್ಟೆ ಉಳೀತು." ಯಾರದು ಅಂದೆ. ಆ ಹುಡುಗಿಯ ಹೆಸರು ಹೇಳಿದ. ಸರಿಯಾಗಿ ಹೇಳಿದ. ಲಂಬಾಣಿ ಹುಡುಗಿಯೂ ಎದ್ದು ಬಂದಳು. "ಅವಳು ಯಾಕೆ ಬಂದಿಲ್ಲ?"

ನನಗೆ ಗೊತ್ತಿರಲಿಲ್ಲ. ಆ ವಾರ ಆನೆ ಬಂದಿದೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಓಡಾಡುತ್ತಿತ್ತು, ಅದಕ್ಕೇ ಕಳಿಸಿಲ್ಲ ಅಂದುಕೊಂಡಿದ್ದೆ. ಮಕ್ಕಳು ಬಿಡಲಿಲ್ಲ. ಊಟ ಆದ ಮೇಲೆ ಸಹಾಯಕಿಗೆ ಕೇಂದ್ರ ಒಪ್ಪಿಸಿ ಲೈನಿಗೆ ಹೋದೆ. ಜ್ವರ ಬಂದು ಒಬ್ಬಳೇ ಮಲಗಿದ್ದಳು. ಅಮ್ಮ ಕೊಯ್ಲಿಗೆ ಹೋಗಿದ್ದರು, ರಜೆ ಹಾಕಿದರೆ ಕೂಲಿ ಇಲ್ಲ. ಪಕ್ಕದ ಮನೆಯ ಮುದುಕಿಯೊಬ್ಬರು ನೋಡಿಕೊಳ್ಳುತ್ತಿದ್ದರು. ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಕರೆಸಿದೆ. ನಾನು ಹೊರಡುವಾಗ ಅವಳಿಗೆ ಗೊತ್ತಿದ್ದ ಕನ್ನಡದಲ್ಲೇ ಕೇಳಿದಳು, "ನನ್ ತಟ್ಟೆ?" ಇಟ್ಟಿದ್ದಾನೆ ಅಂದೆ. ಮೂರು ದಿನದ ಮೇಲೆ ಬಂದವಳು ಚೀಲವನ್ನೂ ಇಳಿಸದೆ ನೇರ ಊಟದ ಚಾಪೆ ಹತ್ತಿರ ಹೋಗಿ ನಿಂತಳು.

ನಮ್ಮ ಕೇಂದ್ರದ ಗೋಡೆ ಮೇಲೆ ಎಲ್ಲ ಮಕ್ಕಳ ಅಂಗೈ ಅಚ್ಚು ಇತ್ತು. ಅವಳದೂ ಇತ್ತು. ಆದರೆ ತನ್ನ ಅಚ್ಚನ್ನು ಅವಳು ನೋಡಿದ್ದನ್ನು ನಾನು ಕಂಡಿಲ್ಲ. ಅವಳು ಕೇಳಿದ್ದು ತಟ್ಟೆಯನ್ನು, ಯಾಕೆಂದರೆ ದಿನಾ ಯಾರೋ ತನ್ನ ಹೆಸರು ಹೇಳಿ ಅದನ್ನು ಇಡುತ್ತಾರೆ ಅಂತ ಅವಳಿಗೆ ಗೊತ್ತಿತ್ತು.

ಮಾರ್ಚ್‌ನಲ್ಲಿ ಅವರು ಹೊರಟರು. ಈ ವಿದಾಯದ ಬಗ್ಗೆ ನಾವು ಸಾಕಷ್ಟು ಯೋಚಿಸೋದಿಲ್ಲ. ಎಷ್ಟೋ ಮಕ್ಕಳು ಒಂದು ಸೋಮವಾರ ಇಲ್ಲದೇ ಹೋಗುತ್ತಾರೆ, ಅಷ್ಟೇ. ಉಳಿದ ಮಕ್ಕಳಿಗೆ ಅದು ಏನು ಹೇಳುತ್ತದೆ ನೋಡಿ: ಇಲ್ಲಿಂದ ಯಾರು ಬೇಕಾದರೂ ಮಾಯವಾಗಬಹುದು, ಯಾರೂ ಏನೂ ಅನ್ನೋದಿಲ್ಲ. ಅದಕ್ಕೆ ತೋಟದ ಲೆಕ್ಕ ಬರೆಯೋ ರೈಟರ್ ಹತ್ತಿರ ಮುಂಚೆಯೇ ಕೇಳಿಟ್ಟುಕೊಳ್ಳಿ, ಯಾರು ಯಾವಾಗ ಹೋಗುತ್ತಾರೆ ಅಂತ. ಅವಳು ಹೋಗೋ ಹಿಂದಿನ ದಿನ ಮಕ್ಕಳಿಗೆ ಹೇಳಿದೆ. ಒಬ್ಬಳು ಮಣಿ ಕೊಟ್ಟಳು, ಒಬ್ಬ ಗೋಲಿ ಕೊಟ್ಟ. ಅವಳು ಎಲ್ಲವನ್ನೂ ಲಂಗದ ಮಡಿಲಲ್ಲಿ ಕಟ್ಟಿಕೊಂಡು ಹೋದಳು.

ಮಾರನೇ ದಿನ ಆ ಹುಡುಗ ಅವಳ ತಟ್ಟೆಯನ್ನೂ ಇಟ್ಟ. ನಾನು ಏನೂ ಹೇಳಲಿಲ್ಲ. ಅದರ ಮಾರನೇ ದಿನವೂ ಇಟ್ಟ. ನಾಲ್ಕನೇ ದಿನ ತಟ್ಟೆ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದು "ಇವತ್ತು ಇಡಬೇಕಾ ಟೀಚರ್?" ಅಂದ. ನೀನೇ ಹೇಳು ಅಂದೆ. ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಅದನ್ನು ಉಳಿದ ತಟ್ಟೆಗಳ ಜೊತೆ ಸೇರಿಸದೆ ಕಪಾಟಿನ ಕೆಳಗಿನ ಹಲಗೆಯಲ್ಲಿ ಬೇರೆ ಇಟ್ಟ.

ಆ ಜೂನ್‌ನಲ್ಲಿ ಅವನು ಒಂದನೇ ತರಗತಿಗೆ ಹೋದ. ಶಾಲೆ ನಮ್ಮ ಪಕ್ಕದಲ್ಲೇ. ಶಾಲೆ ಶುರುವಾದ ವಾರ ನಮ್ಮಲ್ಲಿ ಒಬ್ಬ ಹೊಸ ಹುಡುಗ ಸೇರಿದ್ದ, ಬಾಗಿಲ ಹತ್ತಿರ ನಿಂತು ಅಳುತ್ತಿದ್ದ. ಇವನು ಊಟದ ಬಿಡುವಿನಲ್ಲಿ ಬಂದವನು ಅವನನ್ನು ನೋಡಿದ. ಹೆಸರೇನು ಅಂತ ಕೇಳಿದ. ಕಪಾಟಿನ ಹತ್ತಿರ ಹೋಗಿ, ಕೆಳಗಿನ ಹಲಗೆಯಿಂದ ಆ ತಟ್ಟೆ ತೆಗೆದು, ತನ್ನ ಅಂಗಿಯಿಂದ ಧೂಳು ಒರೆಸಿ, ಅವನ ಹೆಸರು ಹೇಳಿ ಚಾಪೆ ಮೇಲೆ ಇಟ್ಟ.